ಮುಖ ನೋಡಿ ಮಾತಾಡಿ

ರೀ,

ನಿನ್ನೆ ನಿಮ್ಮ ಮಗಳು ಶ್ರೀರಮಾ ಸಿಟ್ಟಿನಲ್ಲಿ ಒದ್ದ ಪಾತ್ರೆಯ ಬಿಸಿ ಸಾರು ನನ್ನ ಪಾದದ ಮೇಲೇ ಬಿದ್ದಿತ್ತು. ಪಟ್ಟಿ ಹಾಕಿಸಿಕೊಳ್ಳಲು ಭೇಲೂಪುರದ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಅನ್ನ ಮುಚ್ಚಿಟ್ಟಿದೆ, ಮಗಳಿಗೆ ಮೊದಲು ಬಡಿಸಿ. ಇವತ್ತೂ ಅವಳ ಮೇಲೆ ಕೈ ಮಾಡಬೇಡಿ. ‘ಕರುಳೇ ಇಲ್ಲ ಇವಳಿಗೆ’ ಅಂತ ಅವಳೆದುರೇ ಅನ್ನಬೇಡಿ.

ಅವಳ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ? ಮುಖ ನೋಡದೆ ಅವಳಿಗೆ ಇನ್ನೊಬ್ಬರ ನೋವು ತಿಳಿಯುವುದಿಲ್ಲ. ಎದುರು ಕೂತು, ‘ನನ್ನ ಮುಖ ನೋಡು’ ಅಂದು, ಆಮೇಲೆ ಮಾತಾಡಬೇಕು. ಬೆಳಿಗ್ಗೆ ಹಾಗೇ ಮಾಡಿದೆ. ನೋಡಿದಳು. ‘ದರ್ದ್ ಹೋ ರಹಾ ಹೈ, ಅಮ್ಮ?’ ಅಂತ ನನ್ನ ನೋವು ವಿಚಾರಿಸಿ, ಬಗ್ಗಿ ಪಾದಕ್ಕೆ ಊದಿದಳು.

ವಿಶ್ವನಾಥ ಗಲ್ಲಿಯಲ್ಲಿ ನೀವು, ಕಾಶಿಗೆ ಶ್ರಾದ್ಧಕ್ಕೆ ಬಂದ ಯಾತ್ರಿಕರ ಮುಖ ನೋಡಿಯೇ ಅವರ ಮನೆಯಲ್ಲಿ ತೀರಿಕೊಂಡವರು ತಂದೆಯೋ ತಾಯಿಯೋ ಅಂತ ಹೇಳಿಬಿಡುತ್ತೀರಿ. ನಿನ್ನೆ ನಾನು ಕುಂಟುತ್ತಲೇ ಬಡಿಸಿದೆ. ನೀವು ತಲೆ ಎತ್ತದೆ, ‘ಮಜ್ಜಿಗೆ ತರಲು ಇಷ್ಟು ಹೊತ್ತೇ?’ ಅಂದಿರಿ.

ತುಂಗಾ