ಉರಿ ಕಾಣಿಸುತ್ತಿದೆಯೇ ಎಂದು ಕೇಳುವ ಠಾಣೆಗೆ

ಅಗ್ನಿಶಾಮಕ ಠಾಣೆಯ ಮಾನ್ಯ ಅಧಿಕಾರಿಗಳೇ,

ತಪ್ಪು ಮಾಡಿದವನು ಒಬ್ಬ. ಅವನನ್ನು ನೀವು ಬಿಟ್ಟುಬಿಟ್ಟಿರಿ. ಏನೂ ಮಾಡದ ಒಂದಿಡೀ ಬೀದಿಗೆ ಶಿಕ್ಷೆ ಕೊಟ್ಟಿರಿ, ಇಂದಿಗೂ ಕೊಡುತ್ತಲೇ ಇದ್ದೀರಿ. ಹಾಸಿಗೆ ಹೊಲಿಯುವವರ ಬೀದಿಯಿಂದ ಬೆಂಕಿ ಎಂದು ಯಾರೇ ಕರೆ ಮಾಡಿದರೂ, ಇನ್ನೊಬ್ಬರು ಬೇರೆ ಫೋನಿನಿಂದ ಅದನ್ನು ಖಚಿತಪಡಿಸುವವರೆಗೆ ಗಾಡಿ ಹೊರಡಕೂಡದು ಎಂಬ ನಿಮ್ಮ ಆದೇಶವನ್ನು ಕುರಿತು ಈ ಪತ್ರ. ಇದನ್ನೇ ನಿಮ್ಮ ಕಚೇರಿಗೆ ಬಂದು ಬಾಯಾರೆ ಹೇಳಿ ನೋಡಿದೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಆದ್ದರಿಂದ ಈಗ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಆ ಒಬ್ಬ ಯಾರೆಂದು ಓದುವವರಿಗೂ ಗೊತ್ತಾಗಲಿ. ಅವನು ನನ್ನ ಮಗ. ಮೀಸೆ ಚಿಗುರಿದೆ, ಬುದ್ಧಿ ಇನ್ನೂ ಚಿಗುರಬೇಕು. ಬೆಂಕಿ ಬಿದ್ದಿದೆ ಎಂದು ನಿಮಗೆ ಸುಳ್ಳು ಕರೆ ಮಾಡುವುದು, ಗಾಡಿ ಗಂಟೆ ಬಾರಿಸುತ್ತ ಬಂದಾಗ ಬೀದಿಯವರೆಲ್ಲ ದಿಕ್ಕೆಟ್ಟು ಓಡುವುದನ್ನು ಮಹಡಿಯ ಮೇಲೆ ನಿಂತು ವಿಡಿಯೋ ಮಾಡುವುದು, ಅದನ್ನು ಗೆಳೆಯರಿಗೆ ಹಂಚಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು, ಇದು ಅವನ ಉದ್ಯೋಗವಾಗಿತ್ತು. ಒಂದು ದಿನ ನಮ್ಮ ಗಿರಾಕಿಯೊಬ್ಬರು ನಗುತ್ತ ಅವರ ಫೋನಿನಲ್ಲಿ ಆ ವಿಡಿಯೋ ತೋರಿಸಿದರು. ಕೊಡ ಹಿಡಿದು, ಸೆರಗು ಜಾರಿ, ಕಿರುಚುತ್ತ ಓಡುತ್ತಿದ್ದ ಹೆಂಗಸೊಬ್ಬಳು ಅದರಲ್ಲಿದ್ದಳು. ಅವಳು ನಾನೇ.

"ಸುಮ್ನೆ ತಮಾಷೆಗಮ್ಮಾ. ಯಾರಿಗೇನಾಯ್ತು ಈಗ?" ಅಂದ ಮಗ, ನಾನು ಕೇಳಿದಾಗ.

ನಾನು ಅವನ ಕಿವಿ ಹಿಂಡಿ ನಿಮ್ಮ ಠಾಣೆಗೆ ಎಳೆದು ತಂದದ್ದು ನಿಮಗೆ ನೆನಪಿರಬೇಕು. ನೀವು ಅವನನ್ನು ಗದರಿದಿರಿ, ಅವನು ಅತ್ತ, ನೀವು ಕರಗಿದಿರಿ. "ಹೋಗ್ಲಿ ಬಿಡಿಮ್ಮಾ, ಹುಡುಗು ಬುದ್ಧಿ. ಕೇಸು ಗೀಸು ಅಂತ ಹೋದ್ರೆ ಅವನ ಮುಂದಿನ ಜೀವನ ಹಾಳಾಗತ್ತೆ" ಅಂದಿರಿ. ಸುಳ್ಳೇಕೆ ಹೇಳಲಿ, ತಾಯಿ ಕರುಳು, ನನಗೂ ಎದೆಯ ಮೇಲಿನ ಭಾರ ಇಳಿಯಿತು. ಆದರೆ ಅವನ ಮುಂದಿನ ಜೀವನದ ಬಗ್ಗೆ ಅಷ್ಟು ಚಿಂತಿಸಿದ ನೀವು ಮರುವಾರವೇ ನಮ್ಮೆಲ್ಲರ ಜೀವ ತೆಗೆಯುವ ಆದೇಶಕ್ಕೆ ಸಹಿ ಹಾಕಿದಿರಿ. ಇದು ಯಾವ ಸೀಮೆಯ ನ್ಯಾಯ ಸ್ವಾಮಿ?

ನಮ್ಮ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಹತ್ತಿಗೆ ಬೆಂಕಿ ಬಿದ್ದರೆ ಕಟ್ಟಿಗೆಯ ಹಾಗೆ ಧಗ್ಗನೆ ಉರಿಯುವುದಿಲ್ಲ. ಹಿಂಜುವ ಯಂತ್ರಕ್ಕೆ ಮೊಳೆಯ ಚೂರೋ ಕಲ್ಲೋ ಸಿಕ್ಕಿ ಕಿಡಿ ಹಾರಿ ಮೂಟೆಯೊಳಗೆ ಸೇರಿಕೊಂಡರೆ, ಅದು ಅಲ್ಲೇ ಒಳಗೊಳಗೇ ಗಂಟೆಗಟ್ಟಲೆ ಬೇಯುತ್ತಿರುತ್ತದೆ. ಮೊದಲು ಬರುವುದು ವಾಸನೆ. ಉರಿ ಕಣ್ಣಿಗೆ ಬೀಳುವ ಹೊತ್ತಿಗೆ ಅಂಗಡಿ ಮುಗಿದಂತೆಯೇ. ಅದಕ್ಕೇ ನಮ್ಮ ಬೀದಿಯಲ್ಲಿ ಯಾರಿಗೆ ಸುಟ್ಟ ವಾಸನೆ ಬಂದರೂ ಮೊದಲು ಫೋನು, ಆಮೇಲೆ ಹುಡುಕಾಟ. ಅದನ್ನು ನಿಮ್ಮ ಹಿಂದಿನ ಅಧಿಕಾರಿಗಳೇ ಕಲಿಸಿಕೊಟ್ಟು ಹೋಗಿದ್ದರು.

ಈಗ ದಿಂಬಿನ ಅಕ್ಕನ ವಿಷಯಕ್ಕೆ ಬರುತ್ತೇನೆ. ದಿಂಬು ಹೊಲಿಯುವ ಅವಳನ್ನು ಬೀದಿಯೆಲ್ಲ ಕರೆಯುವುದೇ ಹಾಗೆ. ನಮ್ಮ ಪಕ್ಕದ ಅಂಗಡಿ, ಒಂಟಿ ಜೀವ. ನಾನು ಕೆಲಸದಲ್ಲಿ ಮುಳುಗಿರುತ್ತಿದ್ದಾಗ ನನ್ನ ಮಗ ಉಂಡು ಮಲಗಿ ಬೆಳೆದದ್ದು ಅವಳ ಅಂಗಡಿಯ ಹತ್ತಿ ರಾಶಿಯ ಮೇಲೆ. ಕಳೆದ ತಿಂಗಳು ಒಂದು ಮಧ್ಯಾಹ್ನ, ಬೀದಿಯವರು ಅಂಗಡಿ ಮುಚ್ಚಿ ಮನೆಗೆ ಊಟಕ್ಕೆ ಹೋಗಿದ್ದ ಹೊತ್ತು, ಅವಳಿಗೆ ವಾಸನೆ ಬಂತು. ನಿಮಗೆ ಕರೆ ಮಾಡಿದಳು.

"ಉರಿ ಕಾಣಿಸ್ತಿದೆಯಾ?" ಎಂದು ನಿಮ್ಮವರು ಕೇಳಿದರು.

"ಇಲ್ಲಪ್ಪಾ, ವಾಸನೆ ಬರ್ತಿದೆ. ಬೇಗ ಬನ್ನಿ."

"ಹಾಗಿದ್ರೆ ಇನ್ನೊಬ್ರ ಹತ್ರ ಮಾಡಿಸಿ."

ಅವಳು ಬೀದಿಗೆ ಓಡಿ ಬಂದು ಕೂಗಿದಾಗ ಅಲ್ಲಿದ್ದವನು ಒಬ್ಬನೇ, ನನ್ನ ಮಗ. ಕೈಯಲ್ಲಿ ಫೋನು ಹಿಡಿದೇ ಇದ್ದ. ಬಹುಶಃ ಹುಟ್ಟಿದ ಮೇಲೆ ಮೊದಲ ಸಲ ಅದನ್ನು ಒಳ್ಳೆಯ ಕೆಲಸಕ್ಕೆ ಬಳಸಿದ. ಅವನ ನಂಬರು ನಿಮ್ಮವರಿಗೆ ಬಾಯಿಪಾಠ. "ಮತ್ತೆ ಶುರು ಮಾಡ್ದೇನೋ?" ಎಂದು ಕರೆ ಕತ್ತರಿಸಿದರು. ಮತ್ತೆ ಮಾಡಿದ, ಮತ್ತೆ ಕತ್ತರಿಸಿದರು. ಅವನು ನನ್ನನ್ನು ಕರೆಯಲು ಮನೆಗೆ ಓಡಿ ಬಂದ. ನಾನು ನಿಮಗೆ ಫೋನು ಮಾಡಿ, ಚಪ್ಪಲಿಯನ್ನೂ ಮೆಟ್ಟದೆ ಓಡುವಷ್ಟರಲ್ಲಿ ಅಕ್ಕ ಹೊಗೆಯಾಡುತ್ತಿದ್ದ ಮೂಟೆಯನ್ನು ತಬ್ಬಿ ಹೊರಗೆಳೆಯುತ್ತಿದ್ದಳು. ಗಾಳಿ ತಗುಲಿದ್ದೇ ತಡ, ಅದು ಅವಳ ಕೈಯಲ್ಲೇ ಹೊತ್ತಿಕೊಂಡಿತು.

ನಿಮ್ಮ ಗಾಡಿ ಬಂತು, ಇಲ್ಲವೆನ್ನುವುದಿಲ್ಲ. ನಿಮ್ಮ ಹುಡುಗರು ಅಂಗಡಿ ಉಳಿಸಿದರು. ಅಂಗಡಿ ಇದೆ, ಹತ್ತಿ ಇದೆ. ದಬ್ಬಳ ಹಿಡಿದು ಹೊಲಿಯುವ ಅಕ್ಕನ ಬೆರಳುಗಳು ಮಾತ್ರ ಮಡಚುತ್ತಿಲ್ಲ. ಇನ್ನು ಮಡಚುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ನನ್ನ ಮಗನ ಪಾಪಕ್ಕೆ ನಾನು ಬಣ್ಣ ಬಳಿಯುತ್ತಿಲ್ಲ. ಅವನು ಇಪ್ಪತ್ತು ಮನೆಗಳ ಮಾತಿನ ಮೇಲಿದ್ದ ನಂಬಿಕೆಯನ್ನು ನಾಲ್ಕು ಜನರ ನಗುವಿಗಾಗಿ ತಿಂದುಹಾಕಿದ. ಈಗ ಬೀದಿಯಲ್ಲಿ ಏನು ನಡೆಯುತ್ತಿದೆ ಗೊತ್ತೇ? ಯಾರಿಗಾದರೂ ಸುಟ್ಟ ವಾಸನೆ ಬಂದರೆ ಅವರು ನಿಮಗೆ ಫೋನು ಮಾಡುವುದಿಲ್ಲ. ಮೊದಲು ನಮ್ಮ ಬಾಗಿಲು ತಟ್ಟಿ, "ನಿಮ್ಮ ಮಗ ಎಲ್ಲಿದಾನೆ?" ಎಂದು ಕೇಳುತ್ತಾರೆ. ಪಕ್ಕದವನು ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನ ನಮ್ಮಲ್ಲಿ ಮೊದಲು ಇರಲಿಲ್ಲ. ಅದನ್ನು ಬಿತ್ತಿದವನು ನನ್ನ ಮಗ. ಅದಕ್ಕೆ ಮೊಹರು ಒತ್ತಿ ಕಾಯಂ ಮಾಡಿದವರು ತಾವು.

"ಇಲಾಖೆಯ ಸಮಯ ವ್ಯರ್ಥವಾಗುತ್ತದೆ" ಎಂದು ಆದೇಶದಲ್ಲಿ ಬರೆದಿದ್ದೀರಿ. ಒಪ್ಪಿದೆ. ಆದರೆ ಆ ಸಮಯ ಕದ್ದವನ ಹೆಸರು, ವಿಳಾಸ, ನಂಬರು ಎಲ್ಲವೂ ನಿಮ್ಮ ಬಳಿ ಇರುವಾಗ ಉಳಿದವರ ಬಾಯಿಗೆ ಬೀಗವೇಕೆ? ಒಬ್ಬನನ್ನು ಹಿಡಿದು ಶಿಕ್ಷಿಸುವುದು ರಗಳೆಯ ಕೆಲಸ, ಒಂದು ಬೀದಿಯನ್ನು ಅನುಮಾನಿಸಲು ಒಂದು ಸಹಿ ಸಾಕು, ಅದಕ್ಕೇ ಅಲ್ಲವೇ?

ಮೊನ್ನೆ ಅಕ್ಕನಿಗೆ ಊಟ ಮಾಡಿಸುತ್ತಿದ್ದೆ. ಅವಳು ಈಗ ತಾನಾಗಿ ಉಣ್ಣಲಾರಳು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಕ್ಷಮಿಸಿಬಿಡು ಅಕ್ಕಾ ಎಂದೆ. ಅವಳು ತುತ್ತು ನುಂಗಿ ಹೇಳಿದಳು: "ಕ್ಷಮಿಸೋಷ್ಟು ದೊಡ್ಡ ಮನಸ್ಸು ನನಗಿಲ್ಲ ಕಣೇ. ಸುಮ್ನೆ ಅಳ್ಬೇಡ. ಇನ್ನೊಬ್ರು ಕೂಗಿದಾಗ ಗಾಡಿ ಬರೋ ಹಾಗೆ ಮಾಡು, ಅಷ್ಟು ಸಾಕು."

ಅದಕ್ಕೇ ಕೇಳುತ್ತಿದ್ದೇನೆ. ಹೊಸ ಹತ್ತಿ ಬೀದಿಗೆ ಬಂದಿಳಿಯುವ ಮುನ್ನ ಆ ಆದೇಶವನ್ನು ಹಿಂತೆಗೆದುಕೊಳ್ಳಿ. ನನ್ನ ಮಗನ ಮೇಲೆ ಅಂದೇ ಹಾಕಬೇಕಿದ್ದ ಕೇಸನ್ನು ಇಂದು ಹಾಕಿ. ಸಾಕ್ಷಿ ಬೇಕಾದರೆ ನಾನು ಬರುತ್ತೇನೆ. ನಮ್ಮ ಬೀದಿಯಿಂದ ಯಾರು ಕರೆದರೂ ಮರುಮಾತಿಲ್ಲದೆ ಹೊರಡಿ. ಬಂದು ನೋಡಿದಾಗ ಅದು ಮತ್ತೆ ಅವನದೇ ಸುಳ್ಳಾಗಿದ್ದರೆ ಬರಿಗೈಯಲ್ಲಿ ಹಿಂತಿರುಗಬೇಡಿ. ಅವನನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿ. ಬಾಗಿಲು ನಾನೇ ತೆಗೆಯುತ್ತೇನೆ.

ಇಂತಿ,
ನೀವು ದಯೆ ತೋರಿದ ಹುಡುಗನ ತಾಯಿ,
ನೀವು ನಂಬದ ಬೀದಿಯ ಹಾಸಿಗೆ ಹೊಲಿಯುವವಳು