ಉಸಿರಿಲ್ಲದ ಗಾಡಿ

ಉಲಾನ್‌ಬಾತರ್
ಜನವರಿ 17

ನಾಮ್‌ಸ್ರಾಯ್,

ಚಳಿಗಾಲ ನೆಮ್ಮದಿಯಾಗಿ ಕಳೆಯುತ್ತಿದೆಯೇ? ಕುರಿಗಳ ಬೆನ್ನ ಮೇಲೆ ಕೊಬ್ಬು ನಿಂತಿದೆಯೇ? ಮೊದಲು ಇದನ್ನು ಕೇಳದಿದ್ದರೆ ಅಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾರೆ. ಹೌದು, ನಿನ್ನ ಅಮ್ಮನೇ. ನನ್ನ ಮನೆಯಲ್ಲಿ, ಒಲೆಯ ಪಕ್ಕದ ಮಂಚದ ಮೇಲೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಾರೆ. ಹೇಗೆ ಬಂದರೆಂಬುದನ್ನು ಮುಂದೆ ಬರೆಯುತ್ತೇನೆ.

ನಿನ್ನ ಕಾಗದ ನಿನ್ನೆ ಬಸ್ಸಿನವನ ಕೈಯಲ್ಲಿ ಬಂತು. ಕಾರು ಹೇಗೆ ಓಡುತ್ತಿದೆ, ಎಷ್ಟು ಕುಡಿಯುತ್ತದೆ, ಚಳಿಗೆ ತಡೆಯುತ್ತದೆಯೇ ಎಂದು ಮೂರು ಪ್ರಶ್ನೆ ಕೇಳಿದ್ದೀಯ. ತೃಪ್ತಿಯಿದ್ದರೆ ಜೊತೆಗಿರುವ ಬೇರ್ಪಡಿಕೆ ಅರ್ಜಿಗೆ ಸಹಿ ಹಾಕು, ಕಾರು ನಿನಗೆ, ಜೀಪು ನನಗೆ, ಬಿಳಿ ತಿಂಗಳ ಹೊಸವರ್ಷದ ಹಬ್ಬದೊಳಗೆ ಮುಗಿದುಹೋಗಲಿ ಎಂದಿದ್ದೀಯ. ಇಪ್ಪತ್ತೆರಡು ವರ್ಷದ ಸಂಸಾರಕ್ಕೆ ಒಂದೂವರೆ ಪುಟ. ಅದರಲ್ಲೂ ಮುಕ್ಕಾಲು ಪುಟ ಕಾರೇ. ಇರಲಿ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಕುಡಿಯುವುದು: ಬೇಸಿಗೆಯಲ್ಲಿ ನೂರು ಕಿಲೋಮೀಟರಿಗೆ ನಾಲ್ಕೂವರೆ ಲೀಟರು. ಚಳಿಗಾಲದಲ್ಲಿ ಆರರ ಮೇಲೆ ಸ್ವಲ್ಪ, ಏಕೆಂದರೆ ಬ್ಯಾಟರಿಯಲ್ಲೂ ಓಡುವ ಗಾಡಿಯಾದರೂ ಒಳಗೆ ಬೆಚ್ಚಗಿರಬೇಕೆಂದರೆ ಎಂಜಿನ್ ಎದ್ದು ಕೂರಲೇಬೇಕು. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಬಾಯಿಮಾತಲ್ಲ. ನಿನ್ನ ರಷ್ಯನ್ ಜೀಪು ಹದಿನೆಂಟು ಕುಡಿಯುತ್ತದೆಂದು ನೀನೇ ಒಪ್ಪಿಕೊಂಡಿದ್ದೆ. ಅದೂ ಇಳಿಜಾರಿನಲ್ಲಿ. ಬಸ್ ನಿಲ್ದಾಣದ ಬಾಡಿಗೆ ಗಾಡಿ ಚಾಲಕರು, ಅಕ್ಕನ ಗಾಡಿ ಪೆಟ್ರೋಲಿನ ವಾಸನೆ ನೋಡಿಕೊಂಡೇ ಊರು ಸೇರುತ್ತದೆ ಎಂದು ನಗುತ್ತಾರೆ. ನಗಲಿ. ಮೈನಸ್ ಮೂವತ್ತರ ಬೆಳಿಗ್ಗೆ ಅವರು ಎಂಜಿನ್ನಿನ ಕೆಳಗೆ ಬೆಂಕಿ ಹಿಡಿದು ಬೈಯುತ್ತಿರುವಾಗ ನಾನು ಕಂಬಳಿ ತೆಗೆದು, ಗುಂಡಿ ಒತ್ತಿ, ಪ್ರಯಾಣಿಕರನ್ನು ತುಂಬಿಸಿಕೊಂಡು ಹೊರಟಿರುತ್ತೇನೆ.

ನಲವತ್ತು ಕುರಿ ಮಾರಿ ಈ ನೀಲಿ ಕಾರನ್ನು ಮನೆಗೆ ತಂದ ದಿನ ನೆನಪಿದೆಯೇ? ನೀನು ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ನಿಂತಲ್ಲೇ ಎಂಜಿನ್ ಸದ್ದಿಲ್ಲದೆ ಆರಿದ್ದು ನೋಡಿ ಹೊಗೆ ಕೊಳವೆಗೆ ಅಂಗೈ ಹಿಡಿದೆ. "ಉಸಿರೇ ಇಲ್ವಲ್ಲೇ ಇದಕ್ಕೆ. ಉಸಿರಿಲ್ಲದ್ದು ನಮ್ಮ ಚಳಿಗಾಲ ದಾಟಲ್ಲ" ಎಂದೆ. ನಿನ್ನನ್ನು ಕೇಳದೆ ಕುರಿ ಮಾರಿದ್ದು ತಪ್ಪೆಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಪ್ರತಿ ವಾರ ಲೀಟರಿನ ಲೆಕ್ಕ ಓದಿ ಹೇಳಿದೆ. ನೀನು ಅದನ್ನೂ ಒಂದು ವರ್ಷ ಕೇಳಿದೆ. ಆಮೇಲೆ ಜೀಪು, ಜೀನು, ನಿನ್ನ ಅಪ್ಪನ ಫೋಟೊ, ನನ್ನ ಕೆಂಪು ಹೂವಿನ ಫ್ಲಾಸ್ಕು, ಇಷ್ಟು ತೆಗೆದುಕೊಂಡು ಚಳಿಗಾಲದ ಬೀಡಿಗೆ ಹೊರಟುಹೋದೆ.

ಈಗ ನಿನ್ನ ಮೂರನೆಯ ಪ್ರಶ್ನೆ. ಚಳಿಗೆ ತಡೆಯುತ್ತದೆಯೇ?

ಜನವರಿ ಐದನೇ ತಾರೀಕು ಅಮ್ಮನ ಕಣ್ಣಿನ ಪೊರೆ ತೆಗೆಸಲೆಂದು ನಿನ್ನ ತಂಗಿಯ ಮನೆಯಿಂದ ಅವರನ್ನು ಕರೆದುಕೊಂಡು ಪಟ್ಟಣಕ್ಕೆ ಹೊರಟೆ. ನಿನಗೆ ಹೇಳಬೇಡವೆಂದು ತಂಗಿಗೆ ನಾನೇ ಹೇಳಿದ್ದೆ. ಹೇಳಿದ್ದರೆ ಜೀಪಿನಲ್ಲೇ ಕರೆದೊಯ್ಯುತ್ತೇನೆಂದು ಹಟ ಹಿಡಿಯುತ್ತಿದ್ದೆ, ಅಮ್ಮನ ಮೂಳೆಗಳು ದಾರಿಯಲ್ಲೇ ಉದುರುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ಹುಲ್ಡ್ ಕಣಿವೆದಾರಿಯ ನೆತ್ತಿಯಲ್ಲಿ, ದಾರಿದೇವರ ಓವೋ ಕಲ್ಲುರಾಶಿಗೆ ಇನ್ನೂರು ಹೆಜ್ಜೆ ಇರುವಾಗ, ಸ್ಟೀರಿಂಗಿನ ಮುಂದಿನ ಹಲಗೆಯ ಮೇಲೆ ಕೆಂಪು ದೀಪ ಹತ್ತಿತು. ಗಾಡಿ ಬಲ ಬಿಟ್ಟಿತು. ಬದಿಗೆ ಸರಿದು ನಿಂತದ್ದು ಮತ್ತೆ ಏಳಲಿಲ್ಲ. ಹೊರಗೆ ಮೈನಸ್ ಮೂವತ್ತೊಂದು. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲವೆಂದು ನಿನಗೂ ಗೊತ್ತು.

ನಿಂತ ಗಾಡಿಯನ್ನು ನಮ್ಮ ದಾರಿಯಲ್ಲಿ ಯಾರೂ ದಾಟಿ ಹೋಗುವುದಿಲ್ಲ. ಆದರೆ ಎಲ್ಲರೂ ಮೊದಲು ನೋಡುವುದು ಹಿಂದಿನ ಕೊಳವೆ. ಬಿಳಿ ಆವಿ ಏಳುತ್ತಿದ್ದರೆ ಒಳಗೆ ಜನ ಇದ್ದಾರೆ. ಆವಿ ಇಲ್ಲದಿದ್ದರೆ ಗಾಡಿ ಕೆಟ್ಟಿದೆ, ಜನ ಬೇರೆ ಗಾಡಿ ಹತ್ತಿ ಹೋಗಿದ್ದಾರೆ. ನಮ್ಮದರಲ್ಲಿ ಆವಿ ಇರಲಿಲ್ಲ. ನಮ್ಮಿಬ್ಬರ ಉಸಿರೇ ಗಾಜಿಗೆಲ್ಲ ಮಂಜಾಗಿ ಅಂಟಿ ಕಿಟಕಿಗಳು ಸುಣ್ಣ ಬಳಿದ ಹಾಗಿದ್ದವು. ಮೊದಲು ಬಂದ ಗಾಡಿಗೆ ಇಳಿದು ಕೈ ಬೀಸಿದೆ. ಹಿಮಗಾಳಿಗೆ ನನಗೇ ನನ್ನ ಕೈ ಕಾಣುತ್ತಿರಲಿಲ್ಲ, ಅದು ಹೋಯಿತು. ಅಷ್ಟರಲ್ಲಿ ಅಮ್ಮನ ಮಾತು ತೊದಲತೊಡಗಿತ್ತು. ಅವರ ಬೂಟು ಬಿಚ್ಚಿ ಪಾದಗಳನ್ನು ನನ್ನ ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತೆ. ಎರಡು ಕಲ್ಲು ಇಟ್ಟುಕೊಂಡ ಹಾಗಿತ್ತು. ನಿದ್ದೆ ಮಾಡಬೇಡಿ ಎಂದು ಬೈಯುತ್ತಲೇ ಇದ್ದೆ. ಸೊಸೆಯ ಬೈಗುಳ ಕೇಳಲು ಎಪ್ಪತ್ತಾರು ವರ್ಷ ಬದುಕಬೇಕಾಯಿತೇ ಎಂದರು. ಆಮೇಲೆ ಅದನ್ನೂ ಹೇಳಲಿಲ್ಲ.

ಆಗ ಒಂದು ಜೀಪು ಬಂತು. ಓವೋಗೆ ಮರ್ಯಾದೆ ಮಾಡಿ ಮೂರು ಸಲ ಹಾರ್ನ್ ಹೊಡೆಯಿತು. ಅಮ್ಮ ಕಣ್ಣು ತೆರೆದರು.

"ನಮ್ಮ ನಾಮ್‌ಸ್ರಾಯ್ ಕಣೇ. ಮೂರನೇ ಹಾರ್ನು ಕೆಮ್ಮುತ್ತೆ, ಕೇಳು."

ಕೇಳಿತು. ಅವರ ಕಾಲು ಇಳಿಸಿ, ಹೆಪ್ಪುಗಟ್ಟಿದ ಬಾಗಿಲು ಭುಜದಿಂದ ತಳ್ಳಿ ಇಳಿಯುವಷ್ಟರಲ್ಲಿ ನಿನ್ನ ಜೀಪು ತಿರುವು ದಾಟಿತ್ತು. ಒಳಗೆ ಬಂದಾಗ ಅಮ್ಮ ಒಂದೇ ಮಾತು ಹೇಳಿದರು. "ಅವ್ನು ನೋಡಿಲ್ಲ ಬಿಡು. ಹೊಗೆ ಇಲ್ವಲ್ಲ."

ಮುಕ್ಕಾಲು ಗಂಟೆಯ ಮೇಲೆ ಪಟ್ಟಣದ ಕಡೆ ಹೋಗುವ ಲಾರಿಯೊಂದು ಬಂದು ನೇರ ನಮ್ಮ ಪಕ್ಕಕ್ಕೇ ನಿಂತಿತು. ಅಮ್ಮನನ್ನು ಎತ್ತಿ ಲಾರಿಯ ಬೆಚ್ಚನೆಯ ಮುಂಭಾಗದಲ್ಲಿ ಕೂರಿಸಿದೆವು. ಎರಡು ಬೆರಳ ತುದಿ ಕಪ್ಪಾದದ್ದು ಬಿಟ್ಟರೆ ಈಗ ಚೆನ್ನಾಗಿದ್ದಾರೆ. ಮೊನ್ನೆ ಪೊರೆಯೂ ತೆಗೆದರು.

ಇಷ್ಟನ್ನು ಓದಿ ಕಾರಿಗೆ ಶಾಪ ಹಾಕುತ್ತಿರುತ್ತೀಯ. ಬೇಡ. ಊರಿಗೆಲ್ಲ ಚಳಿಗೆ ನಿಂತಿತು ಎಂದೇ ಹೇಳಿದ್ದೇನೆ, ನಿನಗೆ ನಿಜ ಬರೆಯುತ್ತೇನೆ. ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಜಾಲರಿಯಿದೆ, ಅಲ್ಲಿ ಗಾಳಿ ಸುಳಿಯುತ್ತದೆ. ಗೆರ್ ಗುಡಾರದ ಗೋಡೆಯಲ್ಲಿ ಗಾಳಿ ನುಸುಳಿದರೆ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಉಣ್ಣೆಹಾಸಿನ ತುಂಡು ತುರುಕಿ, ಮೇಲೆ ಕುರಿಚರ್ಮ ಹೊದಿಸಿದೆ. ಅಮ್ಮನಿಗೆ ಬೆಚ್ಚಗಾಗಲಿ ಎಂದು ಅರ್ಧ. ಒಳಗಿನ ಶಾಖ ಉಳಿದರೆ ಎಂಜಿನ್ ಹೆಚ್ಚು ಹೊತ್ತು ಮಲಗುತ್ತದೆ, ಪುಸ್ತಕದಲ್ಲಿ ಆರರ ಕೆಳಗೆ ಒಂದು ಅಂಕಿ ಬರೆಯಬಹುದು ಎಂದು ಇನ್ನರ್ಧ. ಗಾಡಿ ಓಡಿಸುವ ದೊಡ್ಡ ಬ್ಯಾಟರಿ ತಣಿಯಲು ಗಾಳಿ ಎಳೆದುಕೊಳ್ಳುವುದು ಆ ಜಾಲರಿಯಿಂದಲೇ. ಏರಿನುದ್ದಕ್ಕೂ ಅದು ಕಾದು ಕಾದು ಸೋತಿತ್ತು. ಲಾರಿಯವನು ಕುರಿಚರ್ಮ ಎತ್ತಿ, "ಅಕ್ಕಾ, ಇದರ ಮೂಗಿಗೆ ಬಟ್ಟೆ ತುರುಕಿದ ಜಾಣ ಯಾರು?" ಎಂದ. ಗೊತ್ತಿಲ್ಲ ಎಂದೆ. ಉಣ್ಣೆ ತೆಗೆದು ಸ್ವಲ್ಪ ಹೊತ್ತು ಬಿಟ್ಟ ಮೇಲೆ ಗಾಡಿ ಎದ್ದಿತು. ಅದಕ್ಕೆ ಉಸಿರಿಲ್ಲ ಎಂದಿದ್ದೆಯಲ್ಲ, ನಾಮ್‌ಸ್ರಾಯ್. ಇತ್ತು. ಆ ಉಸಿರು ಕಟ್ಟಿಸಿದವಳು ನಾನು.

ಹಾಗಾಗಿ, ತೃಪ್ತಿಯಿದೆ. ಕಾರಿನ ಮೇಲೆ ಪೂರ್ತಿ, ಅದರ ಒಡತಿಯ ಮೇಲೆ ಅಷ್ಟಿಲ್ಲ. ಆದರೂ ನಿನ್ನ ಅರ್ಜಿಯನ್ನು ಸಹಿ ಇಲ್ಲದೆ ವಾಪಸು ಕಳಿಸುತ್ತಿದ್ದೇನೆ. ನೀನು ಬರೆದ ಆಸ್ತಿ ಪಟ್ಟಿ ಸರಿಯಿಲ್ಲ.

ಅಮ್ಮ ಕಾಯುತ್ತಿದ್ದಾರೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಯಾರ ಮುಖ ನೋಡಬೇಕೆಂದು ಈಗಲೇ ಯೋಚಿಸುತ್ತಿದ್ದಾರೆ.

ಇಂತಿ,
ಖಂಡ್‌ಸುರೆನ್

ಮರೆತಿದ್ದು: ಪಟ್ಟಿಯಲ್ಲಿ ಕೆಂಪು ಹೂವಿನ ಫ್ಲಾಸ್ಕು ಬಿಟ್ಟುಹೋಗಿದೆ. ಅದೀಗ ನನ್ನ ಹತ್ತಿರ ಇದೆ. ಮುಚ್ಚಳಕ್ಕೆ ನಾನೇ ಕಟ್ಟಿದ ತಂತಿ ಹಾಗೇ ಇದೆ. ಲಾರಿಯವನು ಇಳಿಯುವಾಗಲೇ ಅದನ್ನು ಕೈಯಲ್ಲಿ ಹಿಡಿದಿದ್ದ. ಯಾರು ಕೊಟ್ಟರೆಂದು ಕೇಳಿದೆ. "ಕೆಳಗೆ ಹೋಟ್ಲಲ್ಲಿ ಒಬ್ಬ ಜೀಪಿನವ್ನು. ನೀಲಿ ಗಾಡಿ ನಿಂತಿದೆ, ಹೊಗೆ ಇಲ್ಲ ಅಂತ ಬಿಟ್ಟು ಹೋಗ್ಬೇಡ, ಗಾಜು ಬಡಿದು ನೋಡು ಅಂದ. ಹೆಸರು ಹೇಳ್ಬೇಡ ಅಂದ, ಅವನ ಹೆಸರು ನಂಗೇ ಗೊತ್ತಿಲ್ಲ" ಎಂದ. ಅದರೊಳಗಿನ ಹಾಲು ಚಹಾಕ್ಕೆ ನಿನ್ನ ಕೈಯ ಉಪ್ಪು ಎಂದಿನಂತೆ ಜಾಸ್ತಿಯಾಗಿತ್ತು. ಅಮ್ಮನಿಗೆ ಕುಡಿಸಿದೆ, ಉಳಿದದ್ದು ನಾನು ಕುಡಿದೆ. ಫ್ಲಾಸ್ಕು ಬೇಕಿದ್ದರೆ ನೀನೇ ಬಂದು ತೆಗೆದುಕೊಂಡು ಹೋಗು, ಲಾರಿಯವರ ಕೈಯಲ್ಲಿ ಕಳಿಸುವುದಿಲ್ಲ. ಬಂದಾಗ ಒಂದು ಮಾತು ಮಾತ್ರ ಹೇಳು. ಗಾಡಿಯೊಳಗೆ ಅಮ್ಮ ಇದ್ದದ್ದು ನಿನಗೆ ಗೊತ್ತಿರಲಿಲ್ಲ. ಹಾಗಾದರೆ ಆ ಚಹಾ ಯಾರಿಗೆಂದು ಕಳಿಸಿದೆ?