ಚೀಲದೊಳಗಿನ ವಯೊಲೆಟ್

ಹೊಲಿಗೆ ಯಂತ್ರದ ಪಕ್ಕದಿಂದ,
ಜುಲೈ ೯

ಮುದ್ದು ಮೊಮ್ಮಗಳೇ,

ಶೀತ ಕಡಿಮೆಯಾಯಿತೇ? ಅಲ್ಲಾಡುತ್ತಿದ್ದ ಹಲ್ಲು ಬಿತ್ತೋ, ಇನ್ನೂ ನಾಲಿಗೆಯಲ್ಲಿ ತಳ್ಳುತ್ತಲೇ ಇದ್ದೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಜ್ಜಿಯ ಮಂಡಿನೋವು ವಾಸಿ, ಬಾಯಿ ಎಂದಿನಂತೆ ಗಟ್ಟಿ. ನನ್ನನ್ನು ಮಾತ್ರ "ಕಳ್ಳ ದರ್ಜಿ" ಎಂದೇ ಕರೆಯುತ್ತಾಳೆ. ಎಲ್ಲ ನಿನ್ನ ಕೃಪೆ.

ಮರಗಳು ಚಿಗುರುವ ಮೊದಲು ಇಲ್ಲಿಗೆ ಬಂದಿದ್ದಾಗ ನೀನು ನಮ್ಮ ಮನೆ ಹಿಂದಿನ ಕಾಡಿನಲ್ಲಿ ನೀಲಿ ಹೂ ಬಿಡುವ ಒಂದು ಪುಟ್ಟ ವಯೊಲೆಟ್ ಗಿಡ ಆರಿಸಿ, ಮೊಗ್ಗಿರುವಾಗಲೇ ಇಡೀ ಗಿಡಕ್ಕೆ ಚೀಲ ತೊಡಿಸಿದೆ. ಜೇನ್ನೊಣ ಮುಟ್ಟದಿದ್ದರೆ ಬೀಜ ಕಟ್ಟುವುದಿಲ್ಲ ಎಂದು ತರಗತಿಯಲ್ಲಿ ತೋರಿಸುವ ಆಸೆ ನಿನಗೆ. ಸೊಳ್ಳೆಪರದೆಯ ಬಟ್ಟೆಯಲ್ಲಿ ಚೀಲ ಹೊಲಿದವನು ನಾನು, ಕಾವಲುಗಾರನೂ ನಾನೇ. ರಜೆಗೆ ಬಂದು ಬಿಚ್ಚಿದರೆ ಒಳಗೆ ಕಾಯಿಗಳು! "ತಾತ ಹೂ ಮೂಸೋಕೆ ಚೀಲ ಬಿಚ್ಚಿದ್ದಾರೆ, ಮೋಸ ಮೋಸ!" ಎಂದು ಕೂಗಿದೆ. ನನ್ನ ಮೂಗಿನ ಚಪಲ ಗೊತ್ತಿದ್ದ ಅಜ್ಜಿ ಸಾಕ್ಷಿಗೀಕ್ಷಿ ಕೇಳದೆ ನಿನ್ನ ಕಡೆ ಸೇರಿದಳು. ಅಂದು ನನ್ನ ಜೊತೆ ಮಾತು ಬಿಟ್ಟವಳು ನೀನು, ಇನ್ನೂ ಆಡಿಲ್ಲ. ನಿಜ ಹೇಳುತ್ತೇನೆ ಪುಟ್ಟೀ, ತುಂಬ ಬೇಜಾರಾಯಿತು. ಆ ಚೀಲವನ್ನು ನಾನು ಮುಟ್ಟಿಯೇ ಇರಲಿಲ್ಲ.

ನಿನ್ನೆ ಸಿಟ್ಟಿನಲ್ಲೇ ಹೋಗಿ ಗಿಡದ ಬುಡದಲ್ಲಿ ಕುಳಿತೆ. ಎಲೆ ಸರಿಸಿದರೆ ನೆಲಕ್ಕೆ ಅಂಟಿಕೊಂಡಂತೆ ಅಕ್ಕಿಕಾಳಿನಷ್ಟು ಪುಟ್ಟ ಹಸಿರು ಮೊಗ್ಗುಗಳು. ಇದೇನು ಅಕಾಲದಲ್ಲಿ ಎಂದು ಒಂದು ಮೊಗ್ಗು, ಒಂದು ಕಾಯಿ ಕಿತ್ತು, ಕಾಲೇಜಿನ ಸಸ್ಯಶಾಸ್ತ್ರದ ಮೇಡಮ್ ಬಳಿ ಒಯ್ದೆ. ಅವರು ಮೊಗ್ಗನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ತೋರಿಸಿದರು. ಅದು ಅರಳುವುದೇ ಇಲ್ಲವಂತೆ! ವಸಂತದ ನೀಲಿ ಹೂಗಳು ಜೇನ್ನೊಣಗಳಿಗಾಗಿ. ಆಮೇಲೆ ಮರಗಳು ಎಲೆ ತುಂಬಿಕೊಂಡು ನೆರಳು ದಟ್ಟವಾಗುತ್ತದೆ, ಜೇನ್ನೊಣಗಳ ಓಡಾಟ ಕಡಿಮೆಯಾಗುತ್ತದೆ. ಆಗ ಗಿಡ ಈ ಮುಚ್ಚಿದ ಹೂಗಳನ್ನು ಬಿಟ್ಟು, ಒಳಗೊಳಗೇ ತನ್ನ ಪರಾಗದಿಂದಲೇ ಬೀಜ ಕಟ್ಟಿಕೊಳ್ಳುತ್ತದೆ. ನಿನ್ನ ಚೀಲದೊಳಗಿದ್ದ ಕಾಯಿಗಳೂ ಇವುಗಳದ್ದೇ. ಬಣ್ಣವಿಲ್ಲ, ಪರಿಮಳವಿಲ್ಲ. ಮೂಸುವವನಿಗೆ ಅಲ್ಲಿ ಏನು ಸಿಗಬೇಕು ಹೇಳು! ನಾವು ಮಾತಾಡುತ್ತಿರುವಾಗಲೇ ಮೇಜಿನ ಮೇಲಿದ್ದ ಕಾಯಿ ಮೂರು ಹೋಳಾಗಿ ಒಡೆದು, ಒಂದು ಬೀಜ ಮೇಡಮ್ ಕನ್ನಡಕಕ್ಕೆ ಟಪ್ಪೆಂದು ಬಡಿಯಿತು. ಬೀಜದ ತುದಿಯಲ್ಲಿ ಎಣ್ಣೆಯಂಶದ ಬಿಳಿ ಗಂಟಿದೆ. ಇರುವೆಗಳು ಅದರ ಆಸೆಗೆ ಬೀಜ ಹೊತ್ತೊಯ್ದು, ಗಂಟು ತಿಂದು, ಬೀಜವನ್ನು ತಮ್ಮ ಕಸದ ಗುಡ್ಡೆಗೆ ಎಸೆಯುತ್ತವಂತೆ. ಅಲ್ಲೇ ಹೊಸ ಗಿಡ ಏಳುತ್ತದೆ. ಇದನ್ನು ಕೇಳಿ ಅಜ್ಜಿ ಇರುವೆ ಪುಡಿಯ ಡಬ್ಬ ಅಟ್ಟಕ್ಕೆ ಹಾಕಿದ್ದಾಳೆ. ಸಕ್ಕರೆಗೆ ಬರುವ ಇರುವೆಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲವಂತೆ.

ಹಾಗಾಗಿ ನಿನ್ನ ಪ್ರಯೋಗ ಕೆಟ್ಟಿಲ್ಲ. ನೀನು ಹುಡುಕಿದ್ದಕ್ಕಿಂತ ದೊಡ್ಡದೇ ಸಿಕ್ಕಿದೆ, ತರಗತಿಯಲ್ಲಿ ಧೈರ್ಯವಾಗಿ ಹೇಳು. ಹೊಟ್ಟೆ ತುಂಬ ಉಣ್ಣು, ನಗುನಗುತ್ತ ಬೆಳೆ. ಅಪ್ಪ ಅಮ್ಮನಿಗೆ ನಮ್ಮ ನೆನಪು ತಿಳಿಸು.

ಇಂತಿ,
ಆರೋಪಮುಕ್ತನಾದ ನಿನ್ನ ತಾತ

ಮರೆತಿದ್ದೆ: ಕ್ಷಮೆಗಿಮೆ ಏನೂ ಕೇಳಬೇಡ, ಅದೆಲ್ಲ ದೊಡ್ಡವರ ಗೋಳು. ಭಾನುವಾರ ಅಜ್ಜಿಗೆ ಫೋನ್ ಮಾಡುತ್ತೀಯಲ್ಲ, ಮಾತು ಮುಗಿದ ತಕ್ಷಣ ಇಟ್ಟುಬಿಡಬೇಡ. "ತಾತಂಗೆ ಕೊಡಜ್ಜಿ" ಅನ್ನು, ಸಾಕು. ನಾನು ಪಕ್ಕದ ಕುರ್ಚಿಯಲ್ಲೇ ಇರುತ್ತೇನೆ. ಇಷ್ಟು ಭಾನುವಾರವೂ ಅಲ್ಲೇ ಇದ್ದೆ.